ಪವರ್ ಎಲೆಕ್ಟ್ರಾನಿಕ್ಸ್‌ನಲ್ಲಿ ಡ್ರೈವ್ ಮತ್ತು ನಿಯಂತ್ರಣ ಸರ್ಕಿಟ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಇನ್ವರ್ಟರ್, ಮೋಟಾರ್ ಡ್ರೈವ್, ಬ್ಯಾಟರಿ ಚಾರ್ಜರ್, ಸ್ವಿಚಿಂಗ್ ಪವರ್ ಸಪ್ಲೈ ಇವುಗಳಲ್ಲಿ ಯಾವುದನ್ನು ಬಿಚ್ಚಿದರೂ ಮೊದಲು ಕಣ್ಣಿಗೆ ಬೀಳುವುದು ಹೀಟ್‌ಸಿಂಕ್, ದಪ್ಪ ಕೆಪ್ಯಾಸಿಟರ್ ಮತ್ತು ತಾಮ್ರದ ಪಟ್ಟಿಗಳು. ಆದರೆ ಕೆಟ್ಟು ನಿಂತ ಯಂತ್ರದಲ್ಲಿ ದೋಷ ಹುಡುಕುತ್ತ ಹೋದಾಗ ನಾವು ಅನೇಕ ಸಲ ಬಂದು ನಿಲ್ಲುವುದು ಗೇಟಿನ (ಪವರ್ ಸ್ವಿಚ್ಚನ್ನು ಆನ್, ಆಫ್ ಮಾಡಿಸುವ ಕಾಲಿನ) ಪಕ್ಕದ ನಾಲ್ಕಾರು ಸಣ್ಣ ಬಿಡಿಭಾಗಗಳ ಬಳಿ. ಕೆಳಗಿನ ಉತ್ತರಗಳು ಬಹುಪಾಲು ಆ ಜಾಗದ ಸುತ್ತಲೇ ಇವೆ.

ಪ್ರಶ್ನೆ: ನಿಯಂತ್ರಣ ಸರ್ಕಿಟ್ ಮತ್ತು ಡ್ರೈವ್ ಸರ್ಕಿಟ್ ಬೇರೆ ಬೇರೆಯೇ?

ಬೇರೆಯೇ. ನಿಯಂತ್ರಣ ಸರ್ಕಿಟ್ ವೋಲ್ಟೇಜ್, ಕರೆಂಟ್, ಮೋಟಾರಿನ ವೇಗ ಮುಂತಾದವನ್ನು ಅಳೆದು, ಬೇಕಾದ ಮಟ್ಟದೊಂದಿಗೆ ಹೋಲಿಸಿ, ಯಾವ ಸ್ವಿಚ್ ಯಾವ ಕ್ಷಣದಲ್ಲಿ ಆನ್ ಆಗಬೇಕು, ಎಷ್ಟು ಹೊತ್ತು ಹಾಗೆಯೇ ಇರಬೇಕು ಎಂಬುದನ್ನು ತೀರ್ಮಾನಿಸುತ್ತದೆ. ಆ ತೀರ್ಮಾನ 3.3 ಅಥವಾ 5 ವೋಲ್ಟಿನ ದುರ್ಬಲ ಸಂಕೇತವಾಗಿ ಹೊರಬರುತ್ತದೆ. ಅದನ್ನು ಸ್ವೀಕರಿಸಿ, ಗೇಟಿಗೆ ಬೇಕಾದ ವೋಲ್ಟೇಜ್ ಮಟ್ಟಕ್ಕೆ ಏರಿಸಿ, ಕೆಲವು ಆಂಪಿಯರ್ ಕರೆಂಟನ್ನು ಕೆಲವು ಹತ್ತು ನ್ಯಾನೊಸೆಕೆಂಡುಗಳಲ್ಲಿ ಒಳಕ್ಕೆ ನೂಕುವ ಮತ್ತು ಹೊರಕ್ಕೆ ಸೆಳೆಯುವ ಕೆಲಸ ಡ್ರೈವ್ ಸರ್ಕಿಟ್ಟಿನದು. ಅಪಾಯ ಕಂಡರೆ ನಿಯಂತ್ರಕದ ಅಪ್ಪಣೆಗೆ ಕಾಯದೆ ಸ್ವಿಚ್ಚನ್ನು ಆಫ್ ಮಾಡುವ ಅಧಿಕಾರವೂ ಅದಕ್ಕಿರುತ್ತದೆ.

ಪ್ರಶ್ನೆ: ಮಾಸ್ಫೆಟ್ ಎಂಬ ಪವರ್ ಸ್ವಿಚ್ಚಿನ ಗೇಟ್ ಕರೆಂಟ್ ತೆಗೆದುಕೊಳ್ಳುವುದಿಲ್ಲ ಎಂದು ಓದಿದ್ದೇವೆ. ಹಾಗಿದ್ದರೆ ಮೈಕ್ರೊಕಂಟ್ರೋಲರ್‌ನ ಪಿನ್ನಿನಿಂದ ನೇರವಾಗಿ ಏಕೆ ನಡೆಸಬಾರದು?

ಸ್ಥಿರ ಸ್ಥಿತಿಯಲ್ಲಿ ಗೇಟ್ ಕರೆಂಟ್ ತೆಗೆದುಕೊಳ್ಳುವುದಿಲ್ಲ ಎಂಬುದು ನಿಜ. ಸ್ಥಿತಿ ಬದಲಾಗುವಾಗ ತೆಗೆದುಕೊಳ್ಳುತ್ತದೆ, ಅದೂ ಧಾರಾಳವಾಗಿ. ಗೇಟನ್ನು ಒಂದು ಕೊಡವೆಂದು ಭಾವಿಸಿ: ಆನ್ ಮಾಡಲು ತುಂಬಬೇಕು, ಆಫ್ ಮಾಡಲು ಬರಿದು ಮಾಡಬೇಕು. ಕೊಡದ ಗಾತ್ರವನ್ನು ಡೇಟಾಶೀಟ್ ಒಟ್ಟು ಗೇಟ್ ಚಾರ್ಜ್ ಎಂಬ ಹೆಸರಿನಲ್ಲಿ ಕೊಡುತ್ತದೆ. ಅದು 100 ನ್ಯಾನೊಕೂಲಂಬ್ ಆಗಿದ್ದರೆ, 10 ಮಿಲಿಆಂಪಿಯರ್ ಕೊಡಬಲ್ಲ ಪಿನ್ ಅದನ್ನು ತುಂಬಲು 10 ಮೈಕ್ರೊಸೆಕೆಂಡ್ ಬೇಕು. 100 ಕಿಲೊಹರ್ಟ್ಸ್‌ನಲ್ಲಿ ಒಂದು ಇಡೀ ಆವರ್ತವೇ 10 ಮೈಕ್ರೊಸೆಕೆಂಡ್. ಅಂದರೆ ಸ್ವಿಚ್ ಪೂರ್ತಿ ಆನ್ ಆಗುವ ಹೊತ್ತಿಗೆ ಆವರ್ತವೇ ಮುಗಿದಿರುತ್ತದೆ, ಮತ್ತು ಅಷ್ಟು ಹೊತ್ತೂ ಸಾಧನ ಅರ್ಧ ಆನ್ ಆಗಿ ಬಿಸಿಯಾಗುತ್ತಿರುತ್ತದೆ. ಅದೇ ಚಾರ್ಜನ್ನು 50 ನ್ಯಾನೊಸೆಕೆಂಡಿನಲ್ಲಿ ತುಂಬಬೇಕಾದರೆ ಸರಾಸರಿ 2 ಆಂಪಿಯರ್ ಬೇಕು. ಡ್ರೈವರ್ ಐಸಿ ಇರುವುದು ಇದಕ್ಕಾಗಿಯೇ.

ಇನ್ನೊಂದು ಕಾರಣವೂ ಇದೆ. ಸಾಮಾನ್ಯ ಪವರ್ ಮಾಸ್ಫೆಟ್‌ನ ಥ್ರೆಶೋಲ್ಡ್ 2 ರಿಂದ 4 ವೋಲ್ಟ್ ಎಂದು ಡೇಟಾಶೀಟಿನಲ್ಲಿ ಕಂಡು, 5 ವೋಲ್ಟ್ ಸಾಕು ಎಂದುಕೊಳ್ಳುವವರು ಬಹಳ. ಥ್ರೆಶೋಲ್ಡ್ ಎಂದರೆ ಸಾಧನ ಆಗಷ್ಟೇ ಕಣ್ಣು ಬಿಡುವ ಮಟ್ಟ. ಅಲ್ಲಿ ಹರಿಯುವುದು ಮೈಕ್ರೊಆಂಪಿಯರ್ ಅಥವಾ ಮಿಲಿಆಂಪಿಯರ್ ಲೆಕ್ಕದ ಕರೆಂಟ್. ಆನ್ ರೋಧವನ್ನು ಯಾವ ಗೇಟ್ ವೋಲ್ಟೇಜ್‌ನಲ್ಲಿ ಅಳೆದಿದ್ದಾರೆ ಎಂಬುದನ್ನೇ ನೋಡಬೇಕು; ಅದು ಸಾಮಾನ್ಯವಾಗಿ 10 ವೋಲ್ಟ್ ಆಗಿರುತ್ತದೆ.

ಪ್ರಶ್ನೆ: ಯಾವ ಸಾಧನಕ್ಕೆ ಎಷ್ಟು ಗೇಟ್ ವೋಲ್ಟೇಜ್?

ಸಿಲಿಕಾನ್ ಮಾಸ್ಫೆಟ್‌ಗೆ 10 ರಿಂದ 12 ವೋಲ್ಟ್ ಕೊಟ್ಟು, ಆಫ್ ಮಾಡುವಾಗ ಸೊನ್ನೆಗೆ ಇಳಿಸುವುದು ವಾಡಿಕೆ. ಮಾಸ್ಫೆಟ್‌ನಂತೆಯೇ ಗೇಟಿನಿಂದ ನಡೆಯುವ ಬೈಪೋಲಾರ್ ಸ್ವಿಚ್ಚಾದ ಐಜಿಬಿಟಿಗೆ 15 ವೋಲ್ಟ್. ದೊಡ್ಡ ಮಾಡ್ಯೂಲ್‌ಗಳಲ್ಲಿ ಆಫ್ ಸ್ಥಿತಿಗೆ ಋಣ 5 ರಿಂದ ಋಣ 15 ವೋಲ್ಟಿನವರೆಗೆ ಕೊಡುತ್ತಾರೆ. ಸಿಲಿಕಾನ್ ಕಾರ್ಬೈಡ್ ಮಾಸ್ಫೆಟ್‌ಗೆ ಪೀಳಿಗೆಯನ್ನು ಅನುಸರಿಸಿ 15 ರಿಂದ 20 ವೋಲ್ಟ್, ಆಫ್‌ಗೆ ಋಣ 3 ರಿಂದ ಋಣ 5. ಎನ್‌ಹಾನ್ಸ್‌ಮೆಂಟ್ ಬಗೆಯ (ಗೇಟಿಗೆ ವೋಲ್ಟೇಜ್ ಇಲ್ಲದಾಗ ಆಫ್ ಇರುವ) ಗ್ಯಾಲಿಯಂ ನೈಟ್ರೈಡ್ ಸಾಧನಗಳಲ್ಲಿ ಹಲವಕ್ಕೆ 5 ರಿಂದ 6 ವೋಲ್ಟ್ ಸಾಕು, ಆದರೆ ಮಿತಿ ಸುಮಾರು 7 ವೋಲ್ಟ್. ಒಂದು ವೋಲ್ಟಿನ ಅಲೆ ಏರಿದರೂ ಗೇಟಿಗೆ ಅಪಾಯ. ಒಂದಕ್ಕೆ ಮಾಡಿದ ಡ್ರೈವರ್ ಬೋರ್ಡಿನಲ್ಲಿ ಇನ್ನೊಂದನ್ನು ಕೂರಿಸುವ ಮುನ್ನ ಈ ಅಂಕಿಗಳನ್ನು ಡೇಟಾಶೀಟಿನಲ್ಲೇ ಖಚಿತಪಡಿಸಿಕೊಳ್ಳಬೇಕು.

ಹಳೆಯ ಬೈಪೋಲಾರ್ ಟ್ರಾನ್ಸಿಸ್ಟರ್‌ನ ಕಷ್ಟ ಇನ್ನೊಂದು ಬಗೆಯದು. ಅದರ ಬೇಸ್‌ಗೆ ಆನ್ ಇರುವಷ್ಟು ಹೊತ್ತೂ ಕರೆಂಟ್ ಕೊಡುತ್ತಲೇ ಇರಬೇಕಿತ್ತು. ದೊಡ್ಡ ಸಾಧನಗಳಲ್ಲಿ 100 ಆಂಪಿಯರ್ ಹರಿಸಲು ಬೇಸ್‌ಗೇ 10 ರಿಂದ 20 ಆಂಪಿಯರ್ ಬೇಕಾಗುತ್ತಿತ್ತು. 1980ರ ದಶಕದಲ್ಲಿ ಐಜಿಬಿಟಿ ಬಂದು ಆ ಜಾಗವನ್ನು ಬೇಗನೆ ಹಿಡಿದುಕೊಂಡಿತು. ಗೇಟ್ ಡ್ರೈವ್ ಸುಲಭವಾದುದು ಅದಕ್ಕೊಂದು ಮುಖ್ಯ ಕಾರಣ.

ಪ್ರಶ್ನೆ: ಗೇಟ್ ರೆಸಿಸ್ಟರ್ ಎಷ್ಟು ಓಮ್ ಇರಬೇಕೆಂಬುದನ್ನು ಹೇಗೆ ನಿರ್ಧರಿಸಬೇಕು?

ಇದು ಎರಡು ಕಡೆ ಎಳೆಯುವ ಹಗ್ಗ. ರೋಧ ಚಿಕ್ಕದಾದರೆ ಸ್ವಿಚಿಂಗ್ ಬೇಗ, ನಷ್ಟ ಕಡಿಮೆ, ಆದರೆ ವೋಲ್ಟೇಜಿನ ನೆಗೆತ ಮತ್ತು ವಿದ್ಯುತ್ಕಾಂತೀಯ ಗದ್ದಲ ಹೆಚ್ಚು. ದೊಡ್ಡದಾದರೆ ಅಲೆಗಳು ಸೌಮ್ಯವಾಗುತ್ತವೆ, ಹೀಟ್‌ಸಿಂಕ್ ಬಿಸಿಯಾಗುತ್ತದೆ. ಕೆಳಮಿತಿಯನ್ನು ಮಾತ್ರ ಲೆಕ್ಕ ಹಾಕಬಹುದು. ಗೇಟಿನ ಹಾದಿಯ ಇಂಡಕ್ಟೆನ್ಸ್ 20 ನ್ಯಾನೊಹೆನ್ರಿ, ಗೇಟಿನ ಕೆಪ್ಯಾಸಿಟೆನ್ಸ್ 5 ನ್ಯಾನೊಫ್ಯಾರಡ್ ಎಂದಿಟ್ಟುಕೊಂಡರೆ, ಒಂದನ್ನು ಇನ್ನೊಂದರಿಂದ ಭಾಗಿಸಿ ವರ್ಗಮೂಲ ತೆಗೆದಾಗ 2 ಓಮ್. ಅದರ ಎರಡರಷ್ಟು, ಅಂದರೆ 4 ಓಮ್ ಇದ್ದರೆ ಗೇಟಿನ ವೋಲ್ಟೇಜ್ ಓಲಾಡದೆ ನೆಲೆಗೊಳ್ಳುತ್ತದೆ. ಈ 4 ಓಮ್‌ನಲ್ಲಿ ಸಾಧನದ ಒಳಗಿನ ಗೇಟ್ ರೋಧ ಮತ್ತು ಡ್ರೈವರ್‌ನ ಹೊರಹರಿವಿನ ರೋಧವೂ ಸೇರಿವೆ ಎಂಬುದನ್ನು ಮರೆಯುವಂತಿಲ್ಲ. ಮೇಲಿನ ಮಿತಿಯನ್ನು ತಾಪಮಾನ ಮತ್ತು ದಕ್ಷತೆ ಹೇಳುತ್ತವೆ. ಅಲ್ಲಿ ಅಳತೆಯೇ ಗುರು.

ಆನ್ ಮತ್ತು ಆಫ್‌ಗೆ ಬೇರೆ ಬೇರೆ ರೆಸಿಸ್ಟರ್ ಇಡುವುದು ಒಳ್ಳೆಯದು. ಆಫ್ ಹಾದಿಯನ್ನು ಡಯೋಡಿನ ಮೂಲಕ ಬೇರ್ಪಡಿಸಿ ಕಡಿಮೆ ರೋಧ ಕೊಡುವುದೇ ಸಾಮಾನ್ಯ ಪದ್ಧತಿ. ಕಾರಣ ಮುಂದಿನ ಪ್ರಶ್ನೆಯಲ್ಲಿದೆ. ಅಂದಹಾಗೆ, ರೆಸಿಸ್ಟರ್ ದೊಡ್ಡದು ಮಾಡಿದರೆ ಗೇಟ್ ಡ್ರೈವ್‌ನ ವಿದ್ಯುತ್ ವ್ಯಯ ಹೆಚ್ಚುತ್ತದೆ ಎಂಬುದು ತಪ್ಪು ತಿಳಿವಳಿಕೆ. ಆ ವ್ಯಯ ಗೇಟ್ ಚಾರ್ಜ್, ಗೇಟ್ ವೋಲ್ಟೇಜಿನ ಒಟ್ಟು ಏರಿಳಿತ ಮತ್ತು ಆವೃತ್ತಿ ಈ ಮೂರರ ಗುಣಲಬ್ಧ. 100 ನ್ಯಾನೊಕೂಲಂಬ್, 12 ವೋಲ್ಟ್, 100 ಕಿಲೊಹರ್ಟ್ಸ್‌ಗೆ ಅದು 0.12 ವ್ಯಾಟ್. ರೆಸಿಸ್ಟರ್ ಬದಲಿಸಿದರೆ ಆ ಶಾಖ ಡ್ರೈವರ್ ಐಸಿ ಮತ್ತು ರೆಸಿಸ್ಟರ್‌ಗಳ ನಡುವೆ ಹೇಗೆ ಹಂಚಿಕೆಯಾಗುತ್ತದೆ ಎಂಬುದಷ್ಟೇ ಬದಲಾಗುತ್ತದೆ.

ಪ್ರಶ್ನೆ: ಆಫ್ ಇರುವ ಸ್ವಿಚ್ ತಾನಾಗಿಯೇ ಆನ್ ಆಗುವುದು ಹೇಗೆ?

ಬಸ್ಸಿನ (ಮುಖ್ಯ ಡಿಸಿ ಸಪ್ಲೈಯ) ಎರಡು ತುದಿಗಳ ನಡುವೆ ಒಂದರ ಮೇಲೊಂದು ಸ್ವಿಚ್ ಇರುವ ಹಾಫ್ ಬ್ರಿಡ್ಜಿನಲ್ಲಿ ಕೆಳಗಿನ ಮಾಸ್ಫೆಟ್ ಆಫ್ ಇದೆ, ಮೇಲಿನದು ಆನ್ ಆಗುತ್ತಿದೆ ಎಂದುಕೊಳ್ಳಿ. ನಡುಬಿಂದುವಿನ ವೋಲ್ಟೇಜ್ ಥಟ್ಟನೆ ಏರುತ್ತದೆ. ಈ ಏರಿಕೆ ಕೆಳಗಿನ ಸಾಧನದ ಡ್ರೇನ್ (ಮುಖ್ಯ ಕರೆಂಟ್ ಒಳಬರುವ ಕಾಲು) ಮತ್ತು ಗೇಟ್ ನಡುವಿನ ಮಿಲ್ಲರ್ ಕೆಪ್ಯಾಸಿಟೆನ್ಸ್ ಮೂಲಕ ಗೇಟಿಗೆ ಕರೆಂಟ್ ನೂಕುತ್ತದೆ. ಆ ಕೆಪ್ಯಾಸಿಟೆನ್ಸ್ 100 ಪಿಕೊಫ್ಯಾರಡ್, ಏರಿಕೆಯ ವೇಗ ನ್ಯಾನೊಸೆಕೆಂಡಿಗೆ 20 ವೋಲ್ಟ್ ಎಂದಾದರೆ ಕರೆಂಟ್ 2 ಆಂಪಿಯರ್. ಆಫ್ ಹಾದಿಯ ಒಟ್ಟು ರೋಧ 3 ಓಮ್ ಇದ್ದರೆ ಗೇಟಿನಲ್ಲಿ 6 ವೋಲ್ಟಿನವರೆಗೆ ಏಳಬಹುದು. ಥ್ರೆಶೋಲ್ಡ್ 3 ವೋಲ್ಟಿನದಾದರೆ ಕೆಳಗಿನ ಸ್ವಿಚ್ಚೂ ಕ್ಷಣಕಾಲ ಆನ್ ಆಗುತ್ತದೆ, ಎರಡೂ ಸ್ವಿಚ್ಚುಗಳ ಮೂಲಕ ಬಸ್ಸಿನ ಕೆಪ್ಯಾಸಿಟರ್ ನೇರವಾಗಿ ಹರಿಯುತ್ತದೆ. ಗೇಟಿನ ಸ್ವಂತ ಕೆಪ್ಯಾಸಿಟೆನ್ಸ್ ಈ ಏರಿಕೆಯನ್ನು ಒಂದಿಷ್ಟು ತಗ್ಗಿಸುವುದರಿಂದ ಇದು ಕೆಟ್ಟ ಸಂದರ್ಭದ ಲೆಕ್ಕ. ಆದರೂ ವಿನ್ಯಾಸ ಮಾಡಬೇಕಾದುದು ಕೆಟ್ಟ ಸಂದರ್ಭಕ್ಕೇ.

ಪರಿಹಾರಗಳು ಮೂರ್ನಾಲ್ಕಿವೆ: ಆಫ್ ಹಾದಿಯ ರೋಧ ಇಳಿಸುವುದು, ಆಫ್ ಸ್ಥಿತಿಗೆ ಋಣ ವೋಲ್ಟೇಜ್ ಕೊಡುವುದು, ಗೇಟ್ 2 ವೋಲ್ಟಿನ ಆಸುಪಾಸಿಗೆ ಇಳಿದ ಮೇಲೆ ಅದನ್ನು ನೇರವಾಗಿ ಸೋರ್ಸ್‌ಗೆ (ಮುಖ್ಯ ಕರೆಂಟ್ ಹೊರಹೋಗುವ ಕಾಲಿಗೆ) ಕಟ್ಟಿಹಾಕುವ ಮಿಲ್ಲರ್ ಕ್ಲ್ಯಾಂಪ್ ಇರುವ ಡ್ರೈವರ್ ಆರಿಸುವುದು, ಅಥವಾ ಎದುರಿನ ಸ್ವಿಚ್ಚಿನ ಆನ್ ವೇಗವನ್ನೇ ತಗ್ಗಿಸುವುದು. ಇವುಗಳಲ್ಲಿ ಕೊನೆಯದು ಅಗ್ಗದ ಮದ್ದು, ಆದರೆ ಅದರ ಬೆಲೆಯನ್ನು ಪ್ರತಿ ಆವರ್ತದಲ್ಲೂ ಶಾಖದ ರೂಪದಲ್ಲಿ ತೆರಬೇಕಾಗುತ್ತದೆ.

ಪ್ರಶ್ನೆ: ಮೇಲಿನ ಸ್ವಿಚ್ಚಿಗೆ ಬೂಟ್‌ಸ್ಟ್ರ್ಯಾಪ್ ಸಾಕೇ, ಪ್ರತ್ಯೇಕ ಸಪ್ಲೈ ಬೇಕೇ?

ಬೂಟ್‌ಸ್ಟ್ರ್ಯಾಪ್ ಕೆಲಸ ಮಾಡುವುದು ಹೀಗೆ: ಕೆಳಗಿನ ಸ್ವಿಚ್ ಆನ್ ಆದಾಗ ನಡುಬಿಂದು ನೆಲಮಟ್ಟಕ್ಕೆ ಇಳಿಯುತ್ತದೆ; ಆಗ ಒಂದು ಡಯೋಡಿನ ಮೂಲಕ ಸಣ್ಣ ಕೆಪ್ಯಾಸಿಟರ್ ತುಂಬಿಕೊಳ್ಳುತ್ತದೆ; ನಡುಬಿಂದು ಮೇಲೆದ್ದಾಗ ಆ ಕೆಪ್ಯಾಸಿಟರ್ ತನ್ನ ವೋಲ್ಟೇಜನ್ನು ಹೊತ್ತುಕೊಂಡೇ ಮೇಲೇರಿ ಮೇಲಿನ ಗೇಟಿಗೆ ಉಣಿಸುತ್ತದೆ. ಗೇಟ್ ಚಾರ್ಜ್ 100 ನ್ಯಾನೊಕೂಲಂಬ್, ಡ್ರೈವರ್‌ನ ಸ್ವಂತ ಖರ್ಚು 50 ಮೈಕ್ರೊಸೆಕೆಂಡಿಗೆ 5 ನ್ಯಾನೊಕೂಲಂಬ್, ಒಪ್ಪಬಹುದಾದ ಇಳಿತ ಅರ್ಧ ವೋಲ್ಟ್ ಎಂದರೆ ಕನಿಷ್ಠ 210 ನ್ಯಾನೊಫ್ಯಾರಡ್ ಬೇಕು. ಸೆರಾಮಿಕ್ ಕೆಪ್ಯಾಸಿಟರ್‌ಗಳು ಅವುಗಳಿಗೆ ವೋಲ್ಟೇಜ್ ಕೊಟ್ಟಾಗ ತಮ್ಮ ಕೆಪ್ಯಾಸಿಟೆನ್ಸಿನ ಒಂದು ಭಾಗವನ್ನು ಕಳೆದುಕೊಳ್ಳುವುದರಿಂದ 1 ಮೈಕ್ರೊಫ್ಯಾರಡ್ ಹಾಕುವುದು ನೆಮ್ಮದಿ. ಡಯೋಡ್ ಪೂರ್ಣ ಬಸ್ ವೋಲ್ಟೇಜನ್ನು ತಡೆಯಬಲ್ಲ, ವೇಗವಾಗಿ ಚೇತರಿಸಿಕೊಳ್ಳುವ ಬಗೆಯದಾಗಿರಬೇಕು.

ಇದರ ಮಿತಿ ವಿವರಣೆಯಲ್ಲೇ ಅಡಗಿದೆ. ಕೆಳಗಿನ ಸ್ವಿಚ್ ಆಗಾಗ ಆನ್ ಆಗದಿದ್ದರೆ ಕೆಪ್ಯಾಸಿಟರ್ ಬರಿದಾಗುತ್ತದೆ, ಆದ್ದರಿಂದ ಮೇಲಿನ ಸ್ವಿಚ್ಚನ್ನು ಶೇ 100 ಡ್ಯೂಟಿಯಲ್ಲಿ (ಆವರ್ತವಿಡೀ ಆನ್ ಆಗಿ) ಹಿಡಿದಿಡಲಾಗದು. ಯಂತ್ರ ಶುರುವಾಗುವಾಗಲೂ ಕೆಳಗಿನ ಸ್ವಿಚ್ಚುಗಳನ್ನು ಮೊದಲು ಕೆಲವು ಸಲ ಮಿಡಿಸಿ ಕೆಪ್ಯಾಸಿಟರ್ ತುಂಬಿಸಿಕೊಳ್ಳಬೇಕು. ಮೋಟಾರನ್ನು ಒಂದೇ ಸ್ಥಾನದಲ್ಲಿ ಬಹಳ ಹೊತ್ತು ಹಿಡಿದು ನಿಲ್ಲಿಸುವ ಕೆಲಸವಿದ್ದರೆ, ಅಥವಾ ಗೇಟಿಗೆ ಋಣ ವೋಲ್ಟೇಜ್ ಬೇಕಿದ್ದರೆ, ಪ್ರತ್ಯೇಕ ಐಸೊಲೇಟೆಡ್ ಸಪ್ಲೈಯನ್ನೇ ಆರಿಸುವುದು ಜಾಣತನ.

ಪ್ರಶ್ನೆ: ಐಆರ್2110 ಎಂಬ ಡ್ರೈವರ್ ಐಸಿ ಬಳಸಿದರೆ ಐಸೊಲೇಶನ್ (ಎರಡು ಕಡೆಗಳ ವಿದ್ಯುತ್ ಬೇರ್ಪಡೆ) ಸಿಕ್ಕಂತೆಯೇ?

ಇಲ್ಲ. ಅದು 500 ವೋಲ್ಟಿನವರೆಗೆ ತೇಲುವ ಮೇಲಿನ ಸ್ವಿಚ್ಚಿಗೆ ಸಂಕೇತವನ್ನು ಏರಿಸುವ ಲೆವೆಲ್ ಶಿಫ್ಟರ್. ನಿಯಂತ್ರಣದ ನೆಲ ಮತ್ತು ಪವರ್ ಸರ್ಕಿಟ್ಟಿನ ನೆಲ ಅಲ್ಲಿ ಒಂದೇ ಆಗಿರುತ್ತವೆ. ಮನುಷ್ಯರು ಮುಟ್ಟುವ ಕಡೆ ಮತ್ತು ಮೇನ್ಸ್ ಕಡೆ ಬೇರ್ಪಡಬೇಕಾದರೆ ಆಪ್ಟೊಕಪ್ಲರ್, ಪಲ್ಸ್ ಟ್ರಾನ್ಸ್‌ಫಾರ್ಮರ್, ಅಥವಾ ಚಿಪ್ಪಿನೊಳಗಿನ ಕೆಪ್ಯಾಸಿಟಿವ್ ಇಲ್ಲವೇ ಮ್ಯಾಗ್ನೆಟಿಕ್ ತಡೆಗೋಡೆ ಬೇಕು. ಬಹಳ ಎತ್ತರದ ವೋಲ್ಟೇಜ್‌ನಲ್ಲಿ ಆಪ್ಟಿಕಲ್ ಫೈಬರ್ ಬಳಸುತ್ತಾರೆ. ತಡೆಗೋಡೆ ಎಷ್ಟು ಕಿಲೊವೋಲ್ಟ್ ತಡೆಯುತ್ತದೆ ಎಂಬುದರ ಜೊತೆಗೆ, ನೆಲವೇ ಜಿಗಿಯುವಾಗ ಅದು ತಪ್ಪು ಸಂಕೇತ ಕೊಡದೆ ಎಷ್ಟು ವೇಗವನ್ನು ಸಹಿಸುತ್ತದೆ ಎಂಬುದನ್ನೂ ನೋಡಬೇಕು. ಸಿಲಿಕಾನ್ ಕಾರ್ಬೈಡ್‌ಗೆ ಮೈಕ್ರೊಸೆಕೆಂಡಿಗೆ 100 ಕಿಲೊವೋಲ್ಟ್ ಅಥವಾ ಅದಕ್ಕೂ ಹೆಚ್ಚಿನ ಸಹನೆ ಇರುವ ಡ್ರೈವರ್ ಕೇಳುವುದು ಈಗ ರೂಢಿ.

ಪ್ರಶ್ನೆ: ಡೆಡ್ ಟೈಮ್ (ಒಂದು ಸ್ವಿಚ್ ಆಫ್ ಆಗಿ ಇನ್ನೊಂದು ಆನ್ ಆಗುವ ನಡುವಿನ ಹೊತ್ತು) ಎಷ್ಟಿರಬೇಕು? ಹೆಚ್ಚು ಇಟ್ಟರೆ ಸುರಕ್ಷಿತವಲ್ಲವೇ?

ಸ್ವಿಚ್ಚಿಗೆ ಸುರಕ್ಷಿತ, ತರಂಗಕ್ಕೆ ಹಾನಿ. ಐಜಿಬಿಟಿಗೆ 1 ರಿಂದ 3 ಮೈಕ್ರೊಸೆಕೆಂಡ್, ಮಾಸ್ಫೆಟ್‌ಗೆ ಕೆಲವು ನೂರು ನ್ಯಾನೊಸೆಕೆಂಡ್, ಗ್ಯಾಲಿಯಂ ನೈಟ್ರೈಡ್‌ಗೆ ಕೆಲವು ಹತ್ತು ನ್ಯಾನೊಸೆಕೆಂಡ್ ಸಾಮಾನ್ಯ. ಎರಡೂ ಸ್ವಿಚ್ ಆಫ್ ಇರುವ ಆ ಹೊತ್ತಿನಲ್ಲಿ ಹೊರಬರುವ ವೋಲ್ಟೇಜನ್ನು ತೀರ್ಮಾನಿಸುವುದು ನಿಯಂತ್ರಕವಲ್ಲ, ಲೋಡ್ ಕರೆಂಟಿನ ದಿಕ್ಕು. 600 ವೋಲ್ಟ್ ಬಸ್, 10 ಕಿಲೊಹರ್ಟ್ಸ್, 2 ಮೈಕ್ರೊಸೆಕೆಂಡ್ ಡೆಡ್ ಟೈಮ್ ಇದ್ದರೆ ಸರಾಸರಿ 12 ವೋಲ್ಟಿನ ತಪ್ಪು ಸೇರಿಕೊಳ್ಳುತ್ತದೆ. ಮೋಟಾರ್ ಪೂರ್ಣ ವೇಗದಲ್ಲಿದ್ದಾಗ ಇದು ಗಮನಕ್ಕೇ ಬಾರದು. ನಿಧಾನವಾಗಿ ತಿರುಗುವಾಗ ಬೇಕಾದ ವೋಲ್ಟೇಜೇ 20 ವೋಲ್ಟ್ ಇದ್ದರೆ ಅದರಲ್ಲಿ 12 ವೋಲ್ಟ್ ಎಡವಟ್ಟು ಎಂದಾಗುತ್ತದೆ, ಶಾಫ್ಟಿನಲ್ಲಿ ನಡುಕ ಕೈಗೆ ತಿಳಿಯುತ್ತದೆ. ಕರೆಂಟಿನ ದಿಕ್ಕು ನೋಡಿ ಡ್ಯೂಟಿಯನ್ನು ತಿದ್ದುವ ಸಾಫ್ಟ್‌ವೇರ್ ಉಪಾಯ ಇದಕ್ಕಿದೆ. ಕರೆಂಟ್ ಸೊನ್ನೆಯನ್ನು ದಾಟುವ ಜಾಗದಲ್ಲಿ ಮಾತ್ರ ಅದು ತಡವರಿಸುತ್ತದೆ.

ಪ್ರಶ್ನೆ: ಶಾರ್ಟ್ ಸರ್ಕಿಟ್ ಆದಾಗ ಡ್ರೈವರ್ ಏನು ಮಾಡಬೇಕು?

ಅನೇಕ ಐಜಿಬಿಟಿಗಳು ಶಾರ್ಟ್ ಸರ್ಕಿಟ್ಟನ್ನು 10 ಮೈಕ್ರೊಸೆಕೆಂಡ್ ಸಹಿಸುತ್ತವೆ, ಹೊಸ ಪೀಳಿಗೆಯ ಕೆಲವು ಅದಕ್ಕಿಂತ ಕಡಿಮೆ. ಸಿಲಿಕಾನ್ ಕಾರ್ಬೈಡ್‌ನಲ್ಲಿ ಈ ಅವಕಾಶ 2 ರಿಂದ 3 ಮೈಕ್ರೊಸೆಕೆಂಡಿಗೆ ಇಳಿಯುತ್ತದೆ. ಸಾಫ್ಟ್‌ವೇರ್ ಓದಿ, ಯೋಚಿಸಿ, ಅಪ್ಪಣೆ ಕೊಡುವಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ. ಆದ್ದರಿಂದ ಗೇಟ್ ಆನ್ ಇದ್ದರೂ ಕಲೆಕ್ಟರ್ (ಐಜಿಬಿಟಿಯಲ್ಲಿ ಡ್ರೇನ್‌ನ ಜಾಗದ ಕಾಲು) ವೋಲ್ಟೇಜ್ ಇಳಿದಿಲ್ಲ ಎಂಬುದನ್ನು ಡ್ರೈವರ್ ಒಂದು ಡಯೋಡಿನ ಮೂಲಕ ತಾನೇ ಗಮನಿಸುತ್ತಿರುತ್ತದೆ. ಇದೇ ಡಿಸ್ಯಾಟ್ ರಕ್ಷಣೆ. ಆನ್ ಆಗುವ ಮೊದಲ ಕ್ಷಣಗಳಲ್ಲಿ ವೋಲ್ಟೇಜ್ ಹೇಗೂ ಎತ್ತರದಲ್ಲೇ ಇರುವುದರಿಂದ ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡಿರಬೇಕು. ಆ ಹೊತ್ತನ್ನು ಒಂದು ಸಣ್ಣ ಕೆಪ್ಯಾಸಿಟರ್ ತುಂಬುವ ಸಮಯವೇ ನಿರ್ಧರಿಸುತ್ತದೆ: 250 ಮೈಕ್ರೊಆಂಪಿಯರ್ ಕರೆಂಟ್ 100 ಪಿಕೊಫ್ಯಾರಡ್ ಕೆಪ್ಯಾಸಿಟರನ್ನು 7 ವೋಲ್ಟಿಗೆ ಏರಿಸಲು 2.8 ಮೈಕ್ರೊಸೆಕೆಂಡ್ ತೆಗೆದುಕೊಳ್ಳುತ್ತದೆ. ಆ ಕಾಯುವಿಕೆ ಐಜಿಬಿಟಿಗೆ ಒಪ್ಪುತ್ತದೆ, ಸಿಲಿಕಾನ್ ಕಾರ್ಬೈಡ್‌ಗೆ ಬಹಳ ತಡವಾಯಿತು.

ಕಂಡುಹಿಡಿದ ಮೇಲೆ ದಡಬಡಿಸಿ ಆಫ್ ಮಾಡುವುದೂ ಸಲ್ಲದು. ಹಾದಿಯ ಇಂಡಕ್ಟೆನ್ಸ್ 50 ನ್ಯಾನೊಹೆನ್ರಿ, ಶಾರ್ಟ್ ಕರೆಂಟ್ 1000 ಆಂಪಿಯರ್ ಎಂದುಕೊಂಡು ಅದನ್ನು 100 ನ್ಯಾನೊಸೆಕೆಂಡಿನಲ್ಲಿ ಕಡಿದರೆ 500 ವೋಲ್ಟಿನ ನೆಗೆತ. 700 ವೋಲ್ಟ್ ಬಸ್ಸಿನ ಮೇಲೆ ಅದು ಸೇರಿದರೆ 1200 ವೋಲ್ಟಿನ ಸಾಧನ ತನ್ನ ಮಿತಿಯ ಅಂಚಿನಲ್ಲಿ ನಿಲ್ಲುತ್ತದೆ. ಅದೇ ಕಡಿತವನ್ನು 500 ನ್ಯಾನೊಸೆಕೆಂಡಿಗೆ ಹಿಗ್ಗಿಸಿದರೆ ನೆಗೆತ 100 ವೋಲ್ಟ್. ಡ್ರೈವರ್‌ಗಳು ದೋಷದ ಸಮಯದಲ್ಲಿ ಮಾತ್ರ ಮೆಲ್ಲನೆ ಆಫ್ ಮಾಡುವುದು ಇದಕ್ಕೇ.

ಪ್ರಶ್ನೆ: ಅಂಡರ್‌ವೋಲ್ಟೇಜ್ ಲಾಕ್‌ಔಟ್ ಏಕೆ?

ಡ್ರೈವ್ ಸಪ್ಲೈ ಒಂದು ಮಿತಿಗಿಂತ ಕೆಳಗಿಳಿದರೆ ಡ್ರೈವರ್ ಸ್ವಿಚ್ಚನ್ನು ಆಫ್‌ನಲ್ಲೇ ಹಿಡಿದಿಡುವ ಏರ್ಪಾಡು ಇದು. ಗೇಟಿಗೆ 15 ವೋಲ್ಟ್ ಬದಲು 9 ವೋಲ್ಟ್ ಸಿಕ್ಕರೆ ಐಜಿಬಿಟಿ ಆನ್ ಆದಂತೆ ಕಾಣುತ್ತದೆ, ಆದರೆ ದೊಡ್ಡ ಕರೆಂಟಿನಲ್ಲಿ ಅರೆಬರೆ ಆನ್ ಆಗಿ ಸುಡುತ್ತದೆ. ಅರ್ಧ ಆನ್ ಇರುವುದಕ್ಕಿಂತ ಪೂರ್ತಿ ಆಫ್ ಇರುವುದೇ ಮೇಲು. 8 ವೋಲ್ಟಿನ ಮಿತಿ ಇರುವ ಮಾಸ್ಫೆಟ್ ಡ್ರೈವರ್ ತಂದು ಐಜಿಬಿಟಿಗೆ ಹಾಕಬೇಡಿ. ಅದಕ್ಕೆ 11 ರಿಂದ 12 ವೋಲ್ಟಿನ ಮಿತಿ ಇರುವುದು ಬೇಕು.

ಪ್ರಶ್ನೆ: ಥೈರಿಸ್ಟರ್‌ಗೂ ಇದೇ ಬಗೆಯ ಡ್ರೈವ್ ಸಾಕೇ?

1950ರ ದಶಕದ ಕೊನೆಯಲ್ಲಿ ಮಾರುಕಟ್ಟೆಗೆ ಬಂದ ಥೈರಿಸ್ಟರ್ ಇಂದಿಗೂ ದೊಡ್ಡ ರೆಕ್ಟಿಫೈಯರ್‌ಗಳಲ್ಲಿ ದುಡಿಯುತ್ತಿದೆ. ಅದರ ಗೇಟಿಗೆ ಆನ್ ಮಾಡುವ ಅಧಿಕಾರ ಮಾತ್ರ ಇದೆ. ಆಫ್ ಆಗಬೇಕಾದರೆ ಕರೆಂಟೇ ಬತ್ತಬೇಕು. ಇಲ್ಲಿ ನಿಯಂತ್ರಣವೆಂದರೆ ಮೇನ್ಸ್ ಸೊನ್ನೆ ದಾಟಿದ ಕ್ಷಣದಿಂದ ಎಷ್ಟು ಡಿಗ್ರಿ ಕಾದು ಪಲ್ಸ್ ಕೊಡಬೇಕು ಎಂಬುದು. ಕರೆಂಟ್ ಕಡಿಯದೆ ಹರಿಯುವ ಸಿಂಗಲ್ ಫೇಸ್ ಪೂರ್ಣ ಬ್ರಿಡ್ಜಿನಲ್ಲಿ, 230 ವೋಲ್ಟ್ ಮೇನ್ಸ್‌ಗೆ, ಕಾಯದೆ ಕೊಟ್ಟರೆ ಸರಾಸರಿ ಸುಮಾರು 207 ವೋಲ್ಟ್, 60 ಡಿಗ್ರಿ ಕಾದರೆ ಅದರ ಅರ್ಧ. ಇಂಡಕ್ಟಿವ್ ಲೋಡಿನಲ್ಲಿ ಕರೆಂಟ್ ಮೆಲ್ಲಗೆ ಏರುವುದರಿಂದ ಒಂದೇ ಚುಟುಕು ಪಲ್ಸ್ ಮುಗಿಯುವ ಹೊತ್ತಿಗೆ ಅದು ಲ್ಯಾಚಿಂಗ್ ಮಟ್ಟ (ಪಲ್ಸ್ ಇಲ್ಲದೆಯೂ ಆನ್ ಆಗಿ ಉಳಿಯಲು ಬೇಕಾದ ಕರೆಂಟ್) ಮುಟ್ಟಿರದೆ ಥೈರಿಸ್ಟರ್ ಮತ್ತೆ ಮಲಗಿಬಿಡುತ್ತದೆ. ಆದ್ದರಿಂದ ಪಲ್ಸ್‌ಗಳ ಸರಣಿಯನ್ನೇ ಕೊಡುತ್ತಾರೆ. ಪಲ್ಸ್ ಟ್ರಾನ್ಸ್‌ಫಾರ್ಮರ್ ಸ್ಯಾಚುರೇಟ್ ಆಗುವುದೂ ಇದರಿಂದ ತಪ್ಪುತ್ತದೆ.

ಪ್ರಶ್ನೆ: ನಿಯಂತ್ರಣಕ್ಕೆ ಅನಲಾಗ್ ಐಸಿ ಸಾಕೋ, ಡಿಜಿಟಲ್ ಬೇಕೋ?

ಒಂದೇ ಸ್ವಿಚ್ಚಿನ ಸಣ್ಣ ಪವರ್ ಸಪ್ಲೈಗೆ ಯುಸಿ3842ರಂಥ ಎಂಟು ಕಾಲಿನ ಐಸಿ ಇಂದಿಗೂ ನ್ಯಾಯವಾದ ಆಯ್ಕೆ. ಅದು 16 ವೋಲ್ಟಿನಲ್ಲಿ ಶುರುವಾಗಿ 10 ವೋಲ್ಟಿಗೆ ಇಳಿದಾಗ ನಿಲ್ಲುತ್ತದೆ, ಕರೆಂಟ್ ಸೆನ್ಸ್ ಪಿನ್ 1 ವೋಲ್ಟ್ ಮುಟ್ಟಿದೊಡನೆ ಆ ಆವರ್ತವನ್ನು ಕಡಿಯುತ್ತದೆ. ಇಂಥ ಪೀಕ್ ಕರೆಂಟ್ ನಿಯಂತ್ರಣದಲ್ಲಿ ಡ್ಯೂಟಿ ಶೇ 50 ದಾಟಿದರೆ ಒಂದು ಆವರ್ತ ಅಗಲ, ಮುಂದಿನದು ಕಿರಿದು ಎಂಬ ಓಲಾಟ ಶುರುವಾಗುತ್ತದೆ. ಕರೆಂಟ್ ಸಂಕೇತಕ್ಕೆ ಒಂದು ಏರುವ ಇಳಿಜಾರನ್ನು ಕೂಡಿಸುವ ಸ್ಲೋಪ್ ಕಾಂಪೆನ್ಸೇಶನ್ ಸೇರಿಸದೆ ಅದು ನಿಲ್ಲದು.

ಮೂರು ಫೇಸಿನ ಇನ್ವರ್ಟರ್, ಗ್ರಿಡ್‌ಗೆ ಜೋಡಿಸುವ ಕನ್ವರ್ಟರ್ ಇವುಗಳಿಗೆ ಡಿಜಿಟಲ್ ಬಿಟ್ಟು ಬೇರೆ ಮಾತಿಲ್ಲ. ಉದಾಹರಣೆಗೆ, 600 ವೋಲ್ಟ್ ಬಸ್ಸಿನಿಂದ ಸಾದಾ ಸೈನ್ ಪಿಡಬ್ಲ್ಯೂಎಂ (ಪಲ್ಸಿನ ಅಗಲ ಬದಲಿಸಿ ಸರಾಸರಿ ವೋಲ್ಟೇಜ್ ರೂಪಿಸುವ ವಿಧಾನ) 300 ವೋಲ್ಟಿನ ಫೇಸ್ ಪೀಕ್ ಕೊಟ್ಟರೆ, ಮೂರೂ ಫೇಸ್‌ಗಳನ್ನು ಒಟ್ಟಿಗೆ ಲೆಕ್ಕ ಹಾಕುವ ಸ್ಪೇಸ್ ವೆಕ್ಟರ್ ವಿಧಾನ 346 ವೋಲ್ಟ್ ಕೊಡುತ್ತದೆ. ಅದಕ್ಕೆ ಬೇಕಿರುವುದು ಕೆಲವೇ ಸಾಲುಗಳ ಗಣಿತ.

ಪ್ರಶ್ನೆ: ಸಿಮ್ಯುಲೇಶನ್‌ನಲ್ಲಿ ಸ್ಥಿರವಾಗಿದ್ದ ನಿಯಂತ್ರಣ ಲೂಪ್ (ಅಳೆದು ತಿದ್ದುವ ಸುತ್ತು) ಬೋರ್ಡಿನಲ್ಲಿ ಓಲಾಡುವುದೇಕೆ?

ಹತ್ತರಲ್ಲಿ ಐದಾರು ಸಲ ತಪ್ಪಿತಸ್ಥ ವಿಳಂಬವೇ ಎಂಬುದು ನನ್ನ ಅನುಭವ. ಡಿಜಿಟಲ್ ನಿಯಂತ್ರಕ ಈಗ ಅಳೆದು, ಲೆಕ್ಕ ಮಾಡಿ, ಮುಂದಿನ ಆವರ್ತದಲ್ಲಿ ಡ್ಯೂಟಿ ಬದಲಿಸುತ್ತದೆ. ಪಿಡಬ್ಲ್ಯೂಎಂ ತಾನೇ ಇನ್ನರ್ಧ ಆವರ್ತದ ವಿಳಂಬ ಸೇರಿಸುತ್ತದೆ. ಒಟ್ಟು ಒಂದೂವರೆ ಆವರ್ತ, ಅಂದರೆ 10 ಕಿಲೊಹರ್ಟ್ಸ್‌ನಲ್ಲಿ 150 ಮೈಕ್ರೊಸೆಕೆಂಡ್. 1 ಕಿಲೊಹರ್ಟ್ಸ್ ಬ್ಯಾಂಡ್‌ವಿಡ್ತ್ ಬಯಸಿದರೆ ಅಲ್ಲಿ 54 ಡಿಗ್ರಿ ಹಿಂದುಳಿತ ಈ ವಿಳಂಬದಿಂದಲೇ ಬರುತ್ತದೆ. ಕರೆಂಟ್ ಲೂಪನ್ನು ಸ್ವಿಚಿಂಗ್ ಆವೃತ್ತಿಯ ಹತ್ತನೇ ಒಂದು ಭಾಗದೊಳಗೆ ಇಡಬೇಕು ಎಂಬ ಹಳೆಯ ಮಾತಿನ ಬುಡ ಇಲ್ಲಿದೆ. ವೋಲ್ಟೇಜ್ ಅಥವಾ ವೇಗದ ಹೊರಗಿನ ಲೂಪ್ ಅದಕ್ಕಿಂತ ಐದರಿಂದ ಹತ್ತು ಪಟ್ಟು ನಿಧಾನವಾಗಿರಲಿ.

ಕರೆಂಟನ್ನು ಯಾವ ಕ್ಷಣದಲ್ಲಿ ಅಳೆಯುತ್ತೀರಿ ಎಂಬುದನ್ನೂ ನೋಡಿ. ಪಿಡಬ್ಲ್ಯೂಎಂಗೆ ಆಧಾರವಾದ ತ್ರಿಕೋನ ತರಂಗದ (ಕ್ಯಾರಿಯರ್‌ನ) ತುದಿಯಲ್ಲಿ ಅಥವಾ ತಳದಲ್ಲಿ ಅಳೆದರೆ ಏರಿಳಿತದ ಸರಾಸರಿಯೇ ಸಿಗುತ್ತದೆ, ಸ್ವಿಚಿಂಗ್ ಗದ್ದಲವೂ ಸಾಮಾನ್ಯವಾಗಿ ದೂರದಲ್ಲಿರುತ್ತದೆ. ತಪ್ಪನ್ನು ಕೂಡಿಸುತ್ತ ಹೋಗುವ ಇಂಟಿಗ್ರೇಟರ್‌ಗೆ ಮಿತಿ ಹಾಕದೆ ಬಿಟ್ಟಿದ್ದರೆ ಡ್ಯೂಟಿ ಗರಿಷ್ಠ ಮುಟ್ಟಿದ ಮೇಲೂ ಅದು ಉಬ್ಬುತ್ತಲೇ ಹೋಗಿ, ಆಮೇಲೆ ಇಳಿಯಲು ಬಹಳ ಹೊತ್ತು ಸತಾಯಿಸುತ್ತದೆ.

ಪ್ರಶ್ನೆ: ಗೇಟಿನ ತರಂಗದಲ್ಲಿ ವಿಪರೀತ ಓಲಾಟ ಕಾಣುತ್ತಿದೆ. ಏನು ಮಾಡಲಿ?

ಮೊದಲು ಆಸಿಲೋಸ್ಕೋಪಿನ ಪ್ರೋಬನ್ನು ಅನುಮಾನಿಸಿ. ನಾನು ಒಮ್ಮೆ ಇಂಥದ್ದೇ ಓಲಾಟ ಕಂಡು ಗೇಟ್ ರೆಸಿಸ್ಟರನ್ನು 4.7 ಓಮ್‌ನಿಂದ 10ಕ್ಕೆ, ಅಲ್ಲಿಂದ 22ಕ್ಕೆ ಏರಿಸಿದೆ. ಹೀಟ್‌ಸಿಂಕ್ ಮುಟ್ಟಲಾಗದಷ್ಟು ಬಿಸಿಯಾಯಿತೇ ಹೊರತು ಪರದೆಯ ಮೇಲಿನ ಓಲಾಟ ಹೆಚ್ಚೇನೂ ತಗ್ಗಲಿಲ್ಲ. ಪ್ರೋಬಿನ ಗೇಣುದ್ದದ ಕಪ್ಪು ನೆಲದ ತಂತಿಯನ್ನು ಕಳಚಿ, ತುದಿಗೆ ಪುಟ್ಟ ಸ್ಪ್ರಿಂಗ್ ಸಿಕ್ಕಿಸಿ, ಗೇಟ್ ಮತ್ತು ಸೋರ್ಸ್ ಕಾಲುಗಳ ಬುಡದಲ್ಲೇ ಒತ್ತಿ ಹಿಡಿದಾಗ ತರಂಗ ನಯವಾಗಿ ನಿಂತಿತು. ಆ ತಂತಿಯ ಕುಣಿಕೆ ಸುತ್ತಲಿನ ಕಾಂತಕ್ಷೇತ್ರವನ್ನು ಆಂಟೆನಾದಂತೆ ಹಿಡಿಯುತ್ತಿತ್ತು. ಮೇಲಿನ ಸ್ವಿಚ್ಚಿನ ಗೇಟ್ ಅಳೆಯಲು ಸಾಮಾನ್ಯ ಪ್ರೋಬಿನ ನೆಲದ ಕ್ಲಿಪ್ಪನ್ನು ನಡುಬಿಂದುವಿಗೆ ಹಾಕಲೇಬಾರದು. ಸ್ಕೋಪ್ ಭೂಮಿಗೆ ಜೋಡಣೆಯಾಗಿರುವುದರಿಂದ ಅದು ನೇರ ಶಾರ್ಟ್. ಅಲ್ಲಿಗೆ ಐಸೊಲೇಟೆಡ್ ಅಥವಾ ಡಿಫರೆನ್ಷಿಯಲ್ ಪ್ರೋಬ್ ಬೇಕು.

ಓಲಾಟ ನಿಜವೇ ಆಗಿದ್ದರೆ ಸೋರ್ಸ್ ಕಾಲಿನ ಕಡೆ ನೋಡಿ. ಗೇಟಿನ ಹಿಂದಿರುಗುವ ಹಾದಿ ಮತ್ತು ಮುಖ್ಯ ಕರೆಂಟ್ 10 ನ್ಯಾನೊಹೆನ್ರಿ ಹಂಚಿಕೊಂಡಿದ್ದು, ಕರೆಂಟ್ ನ್ಯಾನೊಸೆಕೆಂಡಿಗೆ 1 ಆಂಪಿಯರ್ ಬದಲಾದರೆ ಅಲ್ಲಿ 10 ವೋಲ್ಟ್ ಹುಟ್ಟಿ ಗೇಟ್ ವೋಲ್ಟೇಜನ್ನು ತಿಂದುಹಾಕುತ್ತದೆ. ಗೇಟ್ ಡ್ರೈವ್‌ಗೆಂದೇ ಪ್ರತ್ಯೇಕ ಸೋರ್ಸ್ ಕಾಲು ಇರುವ ನಾಲ್ಕು ಕಾಲಿನ ಪ್ಯಾಕೇಜ್‌ಗಳು ಬಂದಿರುವುದು ಇದಕ್ಕೇ.

ಪ್ರಶ್ನೆ: ಹೊಸ ಬೋರ್ಡಿಗೆ ಮೊದಲ ಸಲ ವಿದ್ಯುತ್ ಕೊಡುವಾಗ ಯಾವ ಕ್ರಮ ಅನುಸರಿಸಬೇಕು?

ಬಸ್ಸಿಗೆ ಏನನ್ನೂ ಕೊಡದೆ ಡ್ರೈವ್ ಸಪ್ಲೈ ಮಾತ್ರ ಕೊಟ್ಟು, ಪ್ರತಿ ಗೇಟಿನ ಮಟ್ಟ, ಡೆಡ್ ಟೈಮ್ ಮತ್ತು ಮೇಲಿನ ಕೆಳಗಿನ ಸಂಕೇತಗಳ ಕ್ರಮವನ್ನು ನೋಡಿ. ಮೈಕ್ರೊಕಂಟ್ರೋಲರನ್ನು ರಿಸೆಟ್‌ನಲ್ಲಿ ಹಿಡಿದಿಟ್ಟು ಎಲ್ಲ ಗೇಟ್‌ಗಳೂ ಆಫ್ ಇವೆಯೇ ಎಂದು ಪರೀಕ್ಷಿಸಿ. ರಿಸೆಟ್‌ನಲ್ಲಿ ಪಿನ್ನುಗಳು ತೇಲುತ್ತಿರುತ್ತವೆ, ಆದ್ದರಿಂದ ಡ್ರೈವರ್‌ನ ಒಳಹರಿವಿಗೂ ಗೇಟ್ ಮತ್ತು ಸೋರ್ಸ್ ನಡುವೆಯೂ 10 ಕಿಲೊಓಮ್‌ನಂಥ ರೆಸಿಸ್ಟರ್ ಇರಲೇಬೇಕು. ಆಮೇಲೆ ಕರೆಂಟ್ ಮಿತಿ ಇರುವ ಸಪ್ಲೈಯಿಂದ ಬಸ್ಸಿಗೆ 30 ವೋಲ್ಟ್ ಮಾತ್ರ ಕೊಡಿ. ಮೇಲೆ ಕೆಳಗೆ ಎರಡೂ ಒಟ್ಟಿಗೆ ಆನ್ ಆಗುತ್ತಿದ್ದರೆ ಸಪ್ಲೈಯ ಮಿತಿಯ ದೀಪ ಹತ್ತುತ್ತದೆ, ಏನೂ ಸಿಡಿಯುವುದಿಲ್ಲ. ಅದು ಶಾಂತವಾಗಿದ್ದರೆ ಒಂದು ಇಂಡಕ್ಟರ್ ಜೋಡಿಸಿ ಡಬಲ್ ಪಲ್ಸ್ ಪರೀಕ್ಷೆ ಮಾಡಿ: ಮೊದಲ ಪಲ್ಸ್ ಕರೆಂಟನ್ನು ಬೇಕಾದ ಮಟ್ಟಕ್ಕೆ ಏರಿಸುತ್ತದೆ, ಅದರ ಕೊನೆಯಲ್ಲಿ ಆಫ್ ಆಗುವ ಬಗೆ ಕಾಣುತ್ತದೆ, ಎರಡನೆಯ ಪಲ್ಸಿನ ಆರಂಭದಲ್ಲಿ ಅದೇ ಕರೆಂಟಿನಲ್ಲಿ ಆನ್ ಆಗುವ ಬಗೆ ಕಾಣುತ್ತದೆ. ಎರಡೇ ಪಲ್ಸ್ ಆದ್ದರಿಂದ ಸಾಧನ ಬಿಸಿಯಾಗುವ ಮಾತಿಲ್ಲ. ಪ್ರತಿ ಸಲ ಆಫ್ ಆಗುವಾಗಿನ ನೆಗೆತವನ್ನು ಬರೆದಿಟ್ಟುಕೊಳ್ಳುತ್ತ ಬಸ್ಸನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ. ನೆಗೆತದ ತುದಿ ಸಾಧನದ ಮಿತಿಯ ಶೇ 80 ಮುಟ್ಟಿದಲ್ಲಿ ನಿಲ್ಲಿಸಿ, ಬೋರ್ಡಿನ ವಿನ್ಯಾಸವನ್ನೋ ಆಫ್ ರೆಸಿಸ್ಟರನ್ನೋ ತಿದ್ದಿದ ಮೇಲಷ್ಟೇ ಮುಂದುವರಿಯಿರಿ.